"ವಾರಂಟಿ ಬರಲ್ಲ" ಅಂದ್ರಾ? "ಬರೆದು ಕೊಡಿ" ಅನ್ನಿ

1/3

"ನೀರು ಹೋಗಿದೆ. ವಾರಂಟಿ ಬರಲ್ಲ. ಹೊಸ ಬ್ಯಾಟರಿಗೆ 58 ಸಾವಿರ ಆಗುತ್ತೆ."

ಸರ್ವಿಸ್ ಸೆಂಟರ್‌ನಲ್ಲಿ ಅಪ್ಪನಿಗೆ ಇಷ್ಟು ಹೇಳೋಕೆ ಐದು ನಿಮಿಷ ಕೂಡ ಆಗ್ಲಿಲ್ಲ. ಇನ್ನೂ ಬ್ಯಾಟರಿ ಬಿಚ್ಚಿರಲಿಲ್ಲ. ಸ್ಕೂಟರ್ ಗೇಟ್ ಹತ್ರಾನೇ ನಿಂತಿತ್ತು. ಹಿಂದಿನ ವಾರ ಮಳೆ ಬಂದಿತ್ತು ಅನ್ನೋದೊಂದೇ ಸಾಕ್ಷಿ.

ಗಾಡಿ ತಗೊಂಡು 22 ತಿಂಗಳು. ಬ್ಯಾಟರಿ ವಾರಂಟಿ 3 ವರ್ಷ. ಇಎಂಐ ಇನ್ನೂ 14 ಬಾಕಿ. ಅಪ್ಪ ತುಮಕೂರಲ್ಲಿ ಅಂಗಡಿ ಅಂಗಡಿಗೆ ಬಿಸ್ಕತ್ತು, ಚಿಪ್ಸ್ ಹಾಕೋದು ಅದೇ ಗಾಡಿಲಿ. ಗಾಡಿ ನಿಂತ್ರೆ ಅವತ್ತಿನ ದುಡಿಮೆ ನಿಂತ ಹಾಗೆ.

ಅಪ್ಪ ಒಂದು ಮಾತು ಎದುರಾಡದೆ "ಆಯ್ತು ಸರ್" ಅಂದ್ಬಿಟ್ರು. ನನಗೆ ಹೊಟ್ಟೆ ಉರಿದಿದ್ದು ಅಲ್ಲೇ.

ಯಾಕೆ ಅಂತ ಹೇಳ್ತೀನಿ. ಅಕೌಂಟ್ಸ್ ಕ್ಲಾಸಲ್ಲಿ "ಪ್ರಾವಿಷನ್ ಫಾರ್ ವಾರಂಟಿ" ಅಂತ ಓದಿದ್ವಿ, ನೆನಪಿದ್ಯಾ? ಮಾರಿದ ಮಾಲಲ್ಲಿ ಒಂದಷ್ಟು ಕೆಟ್ಟು ವಾಪಸ್ ಬಂದೇ ಬರುತ್ತೆ ಅಂತ ಕಂಪನಿ ಮೊದಲೇ ಅಂದಾಜು ಮಾಡಿ, ಮಾರಿದ ವರ್ಷದಲ್ಲೇ ಅದನ್ನ ಖರ್ಚಿಗೆ ತೋರಿಸುತ್ತೆ. ಗಾಡಿ ರೇಟ್ ಕಟ್ಟೋವಾಗ ಆ ಖರ್ಚನ್ನ ಯಾವ ವ್ಯಾಪಾರಿನೂ ಮರೆಯಲ್ಲ. ಅಂದ್ರೆ ವಾರಂಟಿಗೆ ನಾವು ಶೋರೂಮಲ್ಲೇ ದುಡ್ಡು ಕೊಟ್ಟಾಗಿದೆ. ದುಡ್ಡು ಕೊಟ್ಟು ತಗೊಂಡಿದ್ದನ್ನ ಕೇಳೋಕೆ ಕೈ ಕಟ್ಟಿ ಯಾಕೆ ನಿಲ್ಬೇಕು?

ನಾನು ಹೇಳೋದು ಒಂದೇ: ಬಾಯಲ್ಲಿ ಹೇಳಿದ "ಬರಲ್ಲ"ನ ಒಪ್ಕೋಬೇಡಿ. ಬರವಣಿಗೆಯಲ್ಲಿ ಕೇಳಿ.

ಮುಂದೆ ಏನಾಯ್ತು, ಮುಂದಿನ ಪೋಸ್ಟಲ್ಲಿ 👉

2/3

ಮಾರನೇ ದಿನ ಅಪ್ಪನ ಜೊತೆ ನಾನೂ ಹೋದೆ. ಜಗಳ ಆಡ್ಲಿಲ್ಲ. ಎರಡೇ ಮಾತು ಕೇಳಿದೆ.

"ಸರ್, ವಾರಂಟಿ ಪುಸ್ತಕದಲ್ಲಿ ಯಾವ ಷರತ್ತಿನ ಪ್ರಕಾರ ಬರಲ್ಲ?"
"ನೀರು ಹೋಗಿದೆ ಅಂತ ಜಾಬ್ ಕಾರ್ಡಲ್ಲಿ ಬರೆದು ಸಹಿ ಹಾಕಿ ಕೊಡ್ತೀರಾ?"

"ಅದೆಲ್ಲ ಬರೆದುಕೊಡೋಕಾಗಲ್ಲಮ್ಮ" ಅಂದ್ರು.

ಮನೆಗೆ ಬಂದು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿದೆ. ಬಿಲ್, ವಾರಂಟಿ ಪುಸ್ತಕದ ಫೋಟೋ, ಬ್ಯಾಟರಿ ಸೀರಿಯಲ್ ನಂಬರ್, ಓಡಿರೋ ಕಿಲೋಮೀಟರ್, ರೇಂಜ್ ಯಾವತ್ತಿಂದ ಕಮ್ಮಿಯಾಯ್ತು, ಎಲ್ಲಾ ಬರೆದೆ. ಬ್ಯಾಟರಿ ಪರೀಕ್ಷೆ ಮಾಡಿದ ರಿಪೋರ್ಟ್ ಫೋಟೋ ಸಮೇತ ಬೇಕು ಅಂತ ಕೇಳಿದೆ. ಬ್ಯಾಟರಿ ಒಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರುತ್ತೆ. ಸೆಲ್‌ಗಳ ವೋಲ್ಟೇಜ್, ಬಿಸಿ ಎಲ್ಲಾ ನೋಡ್ಕೊಳ್ಳೋದು ಅದೇ. ಅದರ ದಾಖಲೆಯನ್ನೂ ಕೇಳಿದೆ.

ಇನ್ನೊಂದು ಪ್ರಶ್ನೆನೂ ಹಾಕಿದೆ. ನಿಮ್ಮ ಬ್ರೋಷರಲ್ಲೇ ಬ್ಯಾಟರಿ ಐಪಿ67 ಅಂತಿದೆ. ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿದ್ರೂ ಹಾನಿ ಆಗೋಷ್ಟು ನೀರು ಒಳಗೆ ಹೋಗಬಾರದು ಅನ್ನೋ ಪರೀಕ್ಷೆ. ನಮ್ಮ ಗಾಡಿ ಮಳೇಲಿ ಓಡಿದೆ ಅಷ್ಟೇ, ಮುಳುಗಿಲ್ಲ. ಬ್ಯಾಟರಿ ಮೇಲೆ ಒಂದು ಬಿರುಕೂ ಇಲ್ಲ. ಹಾಗಿದ್ರೆ ನೀರು ಹೋಗಿದ್ದು ಹೇಗೆ?

9 ದಿನ ಬಿಟ್ಟು ರಿಪೋರ್ಟ್ ಬಂತು. ಒಂದು ಗುಂಪಿನ ಸೆಲ್‌ಗಳ ವೋಲ್ಟೇಜ್ ಉಳಿದವುಗಳಿಗಿಂತ ತುಂಬಾ ಕಮ್ಮಿ ಇದೆ, ವಾರಂಟಿಯಲ್ಲಿ ಬದಲಾಯಿಸ್ತೀವಿ ಅಂತ ಇತ್ತು. ನೀರಿನ ಮಾತೇ ಇಲ್ಲ! ಸಹಿ ಹಾಕ್ಬೇಕು ಅಂದಾಗ ನೀರು ಆವಿಯಾಗಿ ಹೋಗಿತ್ತು.

ಆ ಅಡ್ವೈಸರ್ ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ದಿನಾ ಅಷ್ಟೊಂದು ಗಾಡಿ ನೋಡ್ತಾರೆ, ಅಂದಾಜಲ್ಲಿ ಹೇಳಿದ್ರು. ಆದ್ರೆ ಅವರ ಅಂದಾಜಿಗೆ ನಾವು 58 ಸಾವಿರ ಕಟ್ಬೇಕಾಗಿತ್ತಲ್ಲ?

ಸಿನಿಮಾ ಥರ ಎಲ್ಲಾ ಸುಖಾಂತ್ಯ ಅನ್ಕೋಬೇಡಿ. ಗಾಡಿ ವಾಪಸ್ ಬರೋಕೆ ಒಟ್ಟು 31 ದಿನ ಆಯ್ತು. ಅಷ್ಟು ದಿನ ಅಪ್ಪ ಚಿಕ್ಕಪ್ಪನ ಹಳೇ ಗಾಡಿಗೆ ಪೆಟ್ರೋಲ್ ಹಾಕಿಸ್ಕೊಂಡು ಓಡಾಡಿದ್ರು. ಆ ದುಡ್ಡು ಯಾರೂ ಕೊಡ್ಲಿಲ್ಲ.

3/3

ಈಗ ನಮ್ಮ ತಪ್ಪು. ಇದನ್ನ ಹೇಳದೆ ಕಂಪನಿನ ಮಾತ್ರ ಬೈದ್ರೆ ಮೋಸ ಆಗುತ್ತೆ.

ವಾರಂಟಿ ಇರೋದು ತಯಾರಿಕೆಯಲ್ಲಿ ಆದ ದೋಷಕ್ಕೆ. ಬಿದ್ದು ಒಡೆದ್ರೆ, ಪ್ರವಾಹದಲ್ಲಿ ಮುಳುಗಿದ್ರೆ ಇನ್ಶೂರೆನ್ಸ್ ಕೇಳ್ಬೇಕು. ಹೊಸ ಟೂ ವೀಲರ್‌ಗೆ 5 ವರ್ಷದ ಇನ್ಶೂರೆನ್ಸ್ ಇದೆ ಅಂತ ನಾವೆಲ್ಲ ಆರಾಮಾಗಿರ್ತೀವಿ. ಆದ್ರೆ ಆ 5 ವರ್ಷ ಥರ್ಡ್ ಪಾರ್ಟಿಗೆ. ಅದರಲ್ಲಿ ನಮ್ಮ ಬ್ಯಾಟರಿಗೆ ಒಂದು ರೂಪಾಯಿನೂ ಬರಲ್ಲ. ನಮ್ಮ ಗಾಡಿ ಹಾನಿಗೆ ಇರೋ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ 1 ವರ್ಷಕ್ಕೆ ಮುಗಿಯುತ್ತೆ. ನಮ್ಮದು ಮುಗಿದು 10 ತಿಂಗಳಾಗಿತ್ತು, ಯಾರೂ ನೋಡಿರಲಿಲ್ಲ. ನಿಜವಾಗ್ಲೂ ನೀರು ಹೋಗಿದ್ರೆ 58 ಸಾವಿರ ನಮ್ಮ ತಲೆ ಮೇಲೇ ಬರ್ತಿತ್ತು.

ಹಾಗಾಗಿ ಇಷ್ಟು ಮಾಡಿ:

▪️ ಬ್ಯಾಟರಿನ ಹೊರಗಡೆ ಬಿಚ್ಚಿಸಬೇಡಿ. ಸೀಲ್ ಒಡೆದ್ರೆ ವಾದ ಮಾಡೋಕೆ ಏನೂ ಉಳಿಯಲ್ಲ. ಕಂಪನಿ ಹೇಳಿದ ಚಾರ್ಜರನ್ನೇ ಬಳಸಿ.

▪️ ರಜೆಗೆ ಊರಿಗೆ ಹೋಗೋವಾಗ ಚಾರ್ಜ್ ಸೊನ್ನೆಗೆ ಬಿಟ್ಟು ಹೋಗ್ಬೇಡಿ. ನಿಲ್ಲಿಸಿದ ಗಾಡಿಲೂ ಚಾರ್ಜ್ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಮಿತಿಗಿಂತ ಕೆಳಗೆ ಹೋದ್ರೆ ಸೆಲ್ ಹಾಳಾಗ್ಬಹುದು, ಬಿಎಂಎಸ್ ಲಾಕ್ ಆಗ್ಬಹುದು. ಅರ್ಧದಷ್ಟು ಚಾರ್ಜ್ ಇಟ್ಟು ಹೋಗಿ.

▪️ ಪಾರ್ಟ್‌ಟೈಮ್ ಡೆಲಿವರಿ ಮಾಡೋರೇ, ವಾರಂಟಿ ಪುಸ್ತಕದಲ್ಲಿ ಕಮರ್ಷಿಯಲ್ ಬಳಕೆ ಬಗ್ಗೆ ಏನಿದೆ ಅಂತ ಇವತ್ತೇ ಓದಿ. ಗ್ರಾಹಕ ಕಾನೂನಲ್ಲಿ ಮಾತ್ರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಗಾಡಿ ತಗೊಂಡೋರೂ ಗ್ರಾಹಕರೇ.

▪️ ಬರೆದು ಕೇಳಿದ್ರೂ ಉತ್ತರ ಬರ್ಲಿಲ್ವಾ? 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯ ಅಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ. 2 ವರ್ಷದೊಳಗೆ ಕೊಡಬೇಕು. ಬೇಕಾದ್ರೆ ಆಯೋಗವೇ ವಸ್ತುವನ್ನ ಲ್ಯಾಬ್ ಪರೀಕ್ಷೆಗೆ ಕಳಿಸುತ್ತೆ, ಅದರ ಫೀಸ್ ಮಾತ್ರ ನಮ್ಮನ್ನ ಕಟ್ಟೋಕೆ ಹೇಳಬಹುದು.

"ಇಷ್ಟಕ್ಕೆಲ್ಲ ಯಾರು ಅಲೀತಾರೆ?" ಅಂತೀರಾ? ಇಮೇಲ್ ಬರೆಯೋಕೆ ನನಗೆ ಹಿಡಿದಿದ್ದು 40 ನಿಮಿಷ. 58 ಸಾವಿರ ದುಡಿಯೋಕೆ ಅಪ್ಪನಿಗೆ ಎಷ್ಟು ದಿನ ಬೇಕು ಅಂತ ನಾನು ಲೆಕ್ಕ ಹಾಕಿದೆ. ಇಲ್ಲಿ ಬರೆಯಲ್ಲ. ನೀವು ನಿಮ್ಮ ಮನೆ ಲೆಕ್ಕ ಹಾಕ್ಕೊಳ್ಳಿ.

ನಮ್ಮಪ್ಪ, ನಿಮ್ಮಪ್ಪ ಕೌಂಟರ್ ಮುಂದೆ "ಆಯ್ತು ಸರ್" ಅನ್ನೋದು ಗೊತ್ತಿಲ್ಲದೇ ಇರೋದ್ರಿಂದ. ಕಾಲೇಜ್ ಫೀಸ್ ಕಟ್ಟಿ ಅವರು ನಮ್ಮನ್ನ ಓದಿಸ್ತಿರೋದು ಮತ್ಯಾತಕ್ಕೆ? ಮುಂದಿನ ಸಲ ಜೊತೆಗೆ ಹೋಗಿ.

ಇವತ್ತು ರಾತ್ರಿ ಒಂದು ಕೆಲಸ: ಮನೆಗೆ ಹೋಗಿ ಗಾಡಿ ಇನ್ಶೂರೆನ್ಸ್ ತೆಗೆದು ಓನ್ ಡ್ಯಾಮೇಜ್ ಯಾವತ್ತು ಮುಗಿಯುತ್ತೆ ನೋಡಿ. ಆಗ್ಲೇ ಮುಗಿದಿದ್ರೆ ಕಮೆಂಟಲ್ಲಿ "ಮುಗಿದಿದೆ" ಅಂತ ಹಾಕಿ. ನಾವೊಬ್ಬರೇ ಅಲ್ಲ ಅಂತ ಅಪ್ಪನಿಗೆ ತೋರಿಸ್ತೀನಿ 😄

#ಬರೆದುಕೊಡಿ #ಎಲೆಕ್ಟ್ರಿಕ್‌ಸ್ಕೂಟರ್ #ಗ್ರಾಹಕರಹಕ್ಕು #ತುಮಕೂರು