ಹುಡುಗನ ಜೇಬಿನ ಮೊಬೈಲೂ ಬಂದರಿನ ಕಂಟೈನರೂ

2021ರ ಸೆಪ್ಟೆಂಬರ್‌ನಲ್ಲಿ ಗುಜರಾತ್‌ನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಎರಡು ಕಂಟೈನರ್‌ಗಳನ್ನು ತೆರೆದರು. ಅಫಘಾನಿಸ್ತಾನದಿಂದ ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದ ಆ ಸರಕು ಕಾಗದಪತ್ರಗಳ ಪ್ರಕಾರ ಟಾಲ್ಕ್ ಕಲ್ಲು. ಸಿಕ್ಕಿದ್ದು ಸುಮಾರು 3000 ಕಿಲೋ ಹೆರಾಯಿನ್! ಮರುತಿಂಗಳು ಹೈದರಾಬಾದ್‌ನ ರಸ್ತೆಗಳಲ್ಲಿ ಪೊಲೀಸರು ದ್ವಿಚಕ್ರ ವಾಹನ ಸವಾರರನ್ನು ತಡೆದು, ಮೊಬೈಲ್ ತೆಗೆಸಿ, ವಾಟ್ಸಪ್ ಸಂದೇಶಗಳಲ್ಲಿ ‘ಗಾಂಜಾ’ ಎಂಬ ಪದವನ್ನು ಹುಡುಕುತ್ತಿದ್ದ ದೃಶ್ಯವನ್ನು ದೇಶವೇ ನೋಡಿತು. ಅದೇ ಅಕ್ಟೋಬರ್‌ನಲ್ಲಿ ಮುಂಬೈಯ ವಿಲಾಸಿ ಹಡಗಿನ ಪ್ರಕರಣದಲ್ಲಿ ಚಿತ್ರನಟ ಶಾರುಖ್ ಖಾನ್‌ರ ಪುತ್ರ ಆರ್ಯನ್ ಖಾನ್ ಬಂಧಿತರಾದರು. ಅವರ ಬಳಿ ಮಾದಕ ವಸ್ತು ದೊರೆತಿರಲಿಲ್ಲ. ತನಿಖಾಧಿಕಾರಿಗಳು ಬಲವಾಗಿ ನೆಚ್ಚಿಕೊಂಡದ್ದು ಮೊಬೈಲಿನ ಸಂಭಾಷಣೆಯನ್ನು. ಆ ಸಂಭಾಷಣೆಯಲ್ಲಿ ಪಿತೂರಿಯನ್ನು ಸೂಚಿಸುವ ಆಕ್ಷೇಪಾರ್ಹ ಅಂಶವೇನೂ ಇಲ್ಲವೆಂದು ಬಾಂಬೆ ಹೈಕೋರ್ಟು ಜಾಮೀನು ಆದೇಶದಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಈ ಮೂರು ಘಟನೆಗಳಲ್ಲಿ ಟಿ.ವಿ. ವಾಹಿನಿಗಳು ಹಗಲಿರುಳು ಚರ್ಚಿಸಿದ್ದು ಯಾವುದನ್ನು? 3000 ಕಿಲೋವನ್ನಲ್ಲ ಎಂಬುದು ಓದುಗರಿಗೆ ನೆನಪಿರಬಹುದು.

ಮಾದಕ ಜಾಲವನ್ನು ಭೇದಿಸಲು ಡಿಜಿಟಲ್ ಮಾಹಿತಿಯನ್ನು ಬಳಸಲೇಬಾರದು ಎಂಬುದು ನಮ್ಮ ವಾದವಲ್ಲ. ಬಳಸಲೇಬೇಕು. ಇಂದು ಈ ದಂಧೆ ನಡೆಯುವುದೇ ಮೊಬೈಲ್, ಕೊರಿಯರ್ ಮತ್ತು ಆನ್‌ಲೈನ್ ಹಣಪಾವತಿಯ ಮೂಲಕ. ಆದರೆ ಆ ಮಾಹಿತಿಯ ದೀಪವನ್ನು ಯಾರ ಮುಖಕ್ಕೆ ಹಿಡಿಯಲಾಗುತ್ತಿದೆ? ಕಂಟೈನರ್ ತರಿಸಿದವನಿಗೆ ಆಮದು ಪರವಾನಗಿ ಇರುತ್ತದೆ, ಬ್ಯಾಂಕ್ ಖಾತೆ ಇರುತ್ತದೆ, ಹಡಗು ಕಂಪೆನಿಯೊಂದಿಗೆ ಪತ್ರವ್ಯವಹಾರ ಇರುತ್ತದೆ. ಬೀದಿಯ ಹುಡುಗನ ಬಳಿ ಇರುವುದು ಒಂದು ಮೊಬೈಲ್ ಮಾತ್ರ. ಮೊದಲನೆಯದನ್ನು ಬಗೆಯಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಎರಡನೆಯದನ್ನು ಕಿತ್ತುಕೊಳ್ಳಲು ಎರಡು ನಿಮಿಷ ಸಾಕು. ನಮ್ಮ ವ್ಯವಸ್ಥೆಗೆ ಎರಡನೆಯದೇ ಏಕೆ ಪ್ರಿಯವೆಂಬುದಕ್ಕೆ ಬೇರೆ ವಿವರಣೆ ಬೇಕೇ?

ಬ್ರಿಟನ್ನಿನ ಅನುಭವವನ್ನು ನೋಡೋಣ. ಅಲ್ಲಿ ‘ಕೌಂಟಿ ಲೈನ್ಸ್’ ಎಂಬ ದಂಧೆಯಿದೆ. ಲಂಡನ್, ಲಿವರ್‌ಪೂಲ್‌ನಂತಹ ಮಹಾನಗರಗಳ ಗ್ಯಾಂಗುಗಳು ಸಣ್ಣ ಪಟ್ಟಣಗಳಿಗೆ ಹೆರಾಯಿನ್ ಮತ್ತು ಕ್ರ್ಯಾಕ್ ಕೊಕೇನ್ ಮಾರಲು ಒಂದು ಮೊಬೈಲ್ ಸಂಖ್ಯೆಯನ್ನು ಇಟ್ಟುಕೊಳ್ಳುತ್ತವೆ. ಗಿರಾಕಿಗಳು ಆ ಸಂಖ್ಯೆಗೆ ಕರೆ ಮಾಡುತ್ತಾರೆ. ಸರಕು ಹೊತ್ತೊಯ್ಯುವವರು ಹದಿಹರೆಯದ ಮಕ್ಕಳು. ಬುದ್ಧಿಮಾಂದ್ಯರ, ಒಂಟಿ ವೃದ್ಧರ, ವ್ಯಸನಿಗಳ ಮನೆಗಳನ್ನು ಬಲವಂತವಾಗಿ ಅಡ್ಡೆ ಮಾಡಿಕೊಳ್ಳುವುದೂ ಉಂಟು. ಕಾಗೆಯ ಗೂಡಿಗೆ ಕೋಗಿಲೆ ಹೊಕ್ಕಂತೆ. ಅಲ್ಲಿನವರು ಈ ಕೃತ್ಯವನ್ನು ಕರೆಯುವುದೂ ಕೋಗಿಲೆಯ ಹೆಸರಿನಲ್ಲೇ! ಮೊದಮೊದಲು ಪೊಲೀಸರು ಹಿಡಿಯುತ್ತಿದ್ದುದು ಆ ಮಕ್ಕಳನ್ನೇ. ಒಬ್ಬ ಹೋದರೆ ಗ್ಯಾಂಗು ಇನ್ನೊಬ್ಬನನ್ನು ಕಳುಹಿಸುತ್ತಿತ್ತು. 2019ರ ಕೊನೆಯಲ್ಲಿ ಲಂಡನ್ ಪೊಲೀಸರು ‘ಆಪರೇಶನ್ ಒರೋಚಿ’ಯ ಮೂಲಕ ದಾರಿ ಬದಲಿಸಿದರು. ದಂಧೆಯ ಸಂಖ್ಯೆಯ ಕರೆ ದಾಖಲೆಗಳನ್ನೂ ಅದು ಯಾವ ಟವರಿನಿಂದ ಯಾವ ಟವರಿಗೆ ಸಾಗಿತೆಂಬುದನ್ನೂ ಪರಿಶೀಲಿಸಿದರೆ, ಅದರ ಜೊತೆಜೊತೆಗೇ ಚಲಿಸುವ ಇನ್ನೊಂದು ಖಾಸಗಿ ಮೊಬೈಲ್ ಗೋಚರಿಸುತ್ತದೆ. ಅದು ದಂಧೆಯ ಯಜಮಾನನದ್ದು. ಹೀಗೆ ಮೇಲಕ್ಕೆ ಹತ್ತಿ ಅವನನ್ನು ಹಿಡಿದಾಗ, ಮಗುವನ್ನು ದುಡಿಸಿದ್ದಕ್ಕಾಗಿ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯಡಿ ಮೊಕದ್ದಮೆ ಹೂಡುವುದಕ್ಕೂ ಅವಕಾಶವಾಯಿತು. ಬೆದರಿದ ಮಗು ಕಟಕಟೆಯಲ್ಲಿ ನಿಂತು ಸಾಕ್ಷ್ಯ ಹೇಳುವ ಅನಿವಾರ್ಯತೆಯೂ ತಗ್ಗಿತು. ದತ್ತಾಂಶವೇ ಸಾಕ್ಷಿಯಾಯಿತು.

ಆದರೆ ಅದೇ ಲಂಡನ್ ಪೊಲೀಸರ ಇನ್ನೊಂದು ಮುಖವೂ ಇದೆ. 2012ರಲ್ಲಿ ಅವರು ‘ಗ್ಯಾಂಗ್ಸ್ ಮ್ಯಾಟ್ರಿಕ್ಸ್’ ಎಂಬ ಪಟ್ಟಿಯನ್ನು ತಯಾರಿಸಿದರು. ಯುವಕರಿಗೆ ಅಪಾಯದ ಅಂಕ ನೀಡಿ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಲಾಯಿತು. ಪಟ್ಟಿಯಲ್ಲಿದ್ದವರ ಪೈಕಿ 78 ಶೇಕಡಾ ಮಂದಿ ಕರಿಯರು ಎಂದು 2018ರಲ್ಲಿ ಆಮ್ನೆಸ್ಟಿ ವರದಿ ಬಹಿರಂಗಪಡಿಸಿತು. ಪಟ್ಟಿಯಲ್ಲಿ ಅಪರಾಧಿ ಯಾರು, ಅಪರಾಧಕ್ಕೆ ಬಲಿಯಾದವರು ಯಾರು ಎಂಬ ಸ್ಪಷ್ಟ ವ್ಯತ್ಯಾಸವೇ ಇಲ್ಲ ಎಂದು ಅಲ್ಲಿನ ಮಾಹಿತಿ ಆಯುಕ್ತರು ಅದೇ ವರ್ಷ ಛೀಮಾರಿ ಹಾಕಿದರು. ಪಟ್ಟಿಯನ್ನು ನಡೆಸಿದ ರೀತಿ ಕಾನೂನುಬಾಹಿರವಾಗಿತ್ತೆಂದು 2022ರಲ್ಲಿ ಪೊಲೀಸರೇ ಒಪ್ಪಿಕೊಂಡರು. 2024ರಲ್ಲಿ ಅದನ್ನು ಕೈಬಿಡಲಾಯಿತು.

ನಮ್ಮಲ್ಲಿಯೂ ‘ನಿದಾನ್’ ಎಂಬ ರಾಷ್ಟ್ರೀಯ ದತ್ತಾಂಶಕೋಶ 2022ರಲ್ಲಿ ಆರಂಭವಾಗಿದೆ. ಮಾದಕ ವಸ್ತು ಪ್ರಕರಣಗಳಲ್ಲಿ ಬಂಧಿತರಾದವರ ವಿವರಗಳು ಅದರಲ್ಲಿರುತ್ತವೆ. ಗಮನಿಸಿ, ಬಂಧಿತರ ವಿವರ. ಶಿಕ್ಷಿತರದ್ದು ಮಾತ್ರವಲ್ಲ. ದೊಡ್ಡ ದಂಧೆಕೋರರು ರಾಜ್ಯದಿಂದ ರಾಜ್ಯಕ್ಕೆ ಹಾರುವಾಗ ಇಂತಹದ್ದೊಂದು ಕೋಶ ಉಪಯುಕ್ತವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ನಿರಪರಾಧಿಯೆಂದು ಬಿಡುಗಡೆಗೊಂಡ ಹುಡುಗನ ಹೆಸರು, ಬೆರಳಚ್ಚು ಮತ್ತು ಭಾವಚಿತ್ರ ಅಲ್ಲಿಂದ ಅಳಿಸಿಹೋಗಬೇಕು. ಅಳಿಸಿದ್ದೇವೆಂದು ಅವನಿಗೆ ಲಿಖಿತವಾಗಿ ತಿಳಿಸಬೇಕು. ಇದು ದಯೆಯಲ್ಲ, ನ್ಯಾಯ.

‘ತಪ್ಪು ಮಾಡದವನಿಗೆ ಮೊಬೈಲ್ ತೋರಿಸಲು ಭಯವೇಕೆ’ ಎಂದು ಕೇಳುವ ಸಜ್ಜನರಿದ್ದಾರೆ. ಅವರಿಗೆ ಉತ್ತರವನ್ನು ನಮ್ಮ ಕರ್ನಾಟಕ ಹೈಕೋರ್ಟೇ ನೀಡಿದೆ. ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ ಆರೋಪಿಯ ಅರ್ಜಿಯ ಮೇಲೆ 2021ರ ಮಾರ್ಚ್‌ನಲ್ಲಿ ಬಂದ ತೀರ್ಪಿನ ಪ್ರಕಾರ, ಸ್ಮಾರ್ಟ್‌ಫೋನ್ ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು. ತುರ್ತು ಸಂದರ್ಭವಾದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಮೊಬೈಲ್‌ನಲ್ಲಿ ಗಾಂಜಾ ಮಾತ್ರ ಇರುವುದಿಲ್ಲವಷ್ಟೆ. ತಂಗಿಯ ಮದುವೆಯ ಫೋಟೋ, ತಾಯಿಯ ರಕ್ತಪರೀಕ್ಷೆಯ ವರದಿ, ಸಾಲಗಾರನ ಬೈಗುಳ ಎಲ್ಲವೂ ಇರುತ್ತದೆ.

ಅಂದಹಾಗೆ, ಪೊಲೀಸರನ್ನು ಪ್ರಶ್ನಿಸುವಾಗ ನಮ್ಮ ಮೊಹಲ್ಲಾಗಳತ್ತಲೂ ಒಮ್ಮೆ ನೋಡಬೇಕು. ವ್ಯಸನಕ್ಕೆ ಬಿದ್ದ ಹುಡುಗನ ಫೋಟೋವನ್ನು ‘ಎಚ್ಚರಿಕೆ’ ಎಂಬ ಶೀರ್ಷಿಕೆಯೊಂದಿಗೆ ವಾಟ್ಸಪ್ ಗ್ರೂಪುಗಳಿಗೆ ಹರಿಯಬಿಡುವವರು ನಮ್ಮೊಳಗೇ ಇಲ್ಲವೇ? ಅವನ ಅಕ್ಕನ ಮದುವೆ ಸಂಬಂಧ ಆ ಒಂದು ಫೋಟೋದಿಂದ ಮುರಿದುಬಿದ್ದರೆ ಹೊಣೆ ಯಾರು? ಆ ಭಯದಿಂದಲೇ ಹೆತ್ತವರು ಮಗನನ್ನು ವೈದ್ಯರ ಬಳಿಗೆ ಕರೆದೊಯ್ಯದೆ ಕೋಣೆಯೊಳಗೆ ಮುಚ್ಚಿಡುತ್ತಾರೆ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದ 20 ಮಂದಿಯಲ್ಲಿ ಒಬ್ಬರಿಗಷ್ಟೇ ಒಳರೋಗಿಯಾಗಿ ಚಿಕಿತ್ಸೆ ದೊರೆತಿದೆ ಎಂದು 2019ರಲ್ಲಿ ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ ಹೇಳಿತ್ತು.

ನಿಜವಾಗಿ ಕಾನೂನು ಇಂತಹ ಹೆತ್ತವರ ಪರವಾಗಿಯೇ ಇದೆ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಆರೋಪಿಯಾದ ವ್ಯಸನಿಯು ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಕೈತಪ್ಪಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾದಕ ವ್ಯಸನದಿಂದಾಗುವ ಮನೋಸ್ಥಿತಿಯನ್ನೂ ಕಾಯಿಲೆಯೆಂದೇ ಪರಿಗಣಿಸಿ, ರೋಗಿಯ ಮಾಹಿತಿಯ ಗೌಪ್ಯತೆಯನ್ನು ಅವನ ಹಕ್ಕೆಂದು ಸಾರಿದೆ. ಈ ಎರಡು ಕಾನೂನುಗಳ ಬಗ್ಗೆ ನಮ್ಮ ಎಷ್ಟು ಮಸೀದಿ ಆಡಳಿತ ಸಮಿತಿಗಳು ಮಾಹಿತಿ ಶಿಬಿರ ಏರ್ಪಡಿಸಿವೆ?

ಸರಕಾರ ಎರಡು ಶುಲ್ಕರಹಿತ ದೂರವಾಣಿ ಸಂಖ್ಯೆಗಳನ್ನು ನೀಡಿದೆ. 14446 ವ್ಯಸನಮುಕ್ತಿಯ ನೆರವಿಗೆ. 2024ರಲ್ಲಿ ಆರಂಭವಾದ 1933 ಮುಖ್ಯವಾಗಿ ಮಾರಾಟ, ಸಾಗಾಟದ ಬಗ್ಗೆ ಗುಟ್ಟಾಗಿ ಸುಳಿವು ನೀಡಲು. ಎರಡನೆಯದರಿಂದ ಬಂದ ಮಾಹಿತಿ ದಂಧೆಕೋರನ ಬಾಗಿಲವರೆಗೂ ತಲುಪಲಿ. ಆದರೆ ಮಗನ ಸಲುವಾಗಿ ಕಣ್ಣೀರಿಡುತ್ತಾ ಮೊದಲನೆಯ ಸಂಖ್ಯೆಗೆ ಕರೆ ಮಾಡಿದ ತಾಯಿಯ ಹೆಸರು, ವಿಳಾಸ ಯಾವ ಪೊಲೀಸ್ ಠಾಣೆಯ ಕಂಪ್ಯೂಟರನ್ನೂ ಸೇರುವುದಿಲ್ಲವೆಂದು ಗೃಹ ಸಚಿವರು ಸಂಸತ್ತಿನಲ್ಲಿ ನಿಂತು ಮಾತು ಕೊಡಲಿ.