ವಿಡಿಯೊ ಮನೆಗೆ ಬಂತು, ಕ್ಲಾಸು ಬದಲಾಯ್ತಾ?

"ನಾಳೆಗೆ ಈ ವಿಡಿಯೊ ನೋಡಿಕೊಂಡು ಬನ್ನಿ" ಅಂತ ಕ್ಲಾಸ್ ಗ್ರೂಪಿಗೆ ಲಿಂಕ್ ಬರುವುದು ಸಂಜೆ. ಆಗ ನಮ್ಮಲ್ಲಿ ಕೆಲವರು ಸಿದ್ದಕಟ್ಟೆ ದಾಟಿ ಬಂಟ್ವಾಳದ ಬಸ್ಸಿನಲ್ಲಿ ನಿಂತಿರುತ್ತೇವೆ, ಕೆಲವರು ವೇಣೂರು ದಾಟಿ ಬೆಳ್ತಂಗಡಿ ಕಡೆಗೆ. ಮೂಡುಬಿದಿರೆಯಲ್ಲೇ ಹಾಸ್ಟೆಲಿನಲ್ಲಿರುವವರಿಗೆ ವೈಫೈ ಉಂಟು. ನಮಗೆ ಮನೆ ಮುಟ್ಟುವಾಗ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ. ಜೋರು ಮಳೆ ಬಂದರೆ ಎರಡೂ ಇಲ್ಲ.

ಹಾಗಂತ ಫ್ಲಿಪ್ಡ್ ಕ್ಲಾಸ್‌ರೂಮ್ ಬೇಡ ಅಂತ ನಾವು ಹೇಳುವುದಿಲ್ಲ. ಪಾಠ ಮೊದಲೇ ಕೇಳಿ ಬರುವುದು, ಲೆಕ್ಕ ಮತ್ತು ಚರ್ಚೆ ಕ್ಲಾಸಿನಲ್ಲಿ ಮಾಡುವುದು: ಇದು ಒಳ್ಳೆಯ ಕ್ರಮವೇ. 2007ರ ಸುಮಾರಿಗೆ ಅಮೆರಿಕದ ಕೊಲರಾಡೊದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿನ ಹೈಸ್ಕೂಲಿನಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಅಧ್ಯಾಪಕರು ಪಾಠ ರೆಕಾರ್ಡ್ ಮಾಡಲು ಶುರು ಮಾಡಿದ್ದು ಯಾಕೆ ಗೊತ್ತುಂಟಾ? ದೂರದ ಊರಿಗೆ ಆಟಕ್ಕೆ ಹೋಗಿ ಕ್ಲಾಸ್ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗಾಗಿ. ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗೆ ಡಿವಿಡಿಯಲ್ಲಿ ಹಾಕಿ ಕೊಟ್ಟರು. ಅಂದರೆ ದಾರಿಯಲ್ಲಿರುವವರನ್ನು, ನೆಟ್ ಇಲ್ಲದವರನ್ನು ಲೆಕ್ಕಕ್ಕೆ ಹಿಡಿದೇ ಅದು ಬೆಳೆದದ್ದು. ನಮ್ಮಲ್ಲಿಗೆ ಬರುವಾಗ ಆ ಭಾಗವೇ ಬಿಟ್ಟುಹೋಯಿತು. 2021ರ ಮಳೆಯಲ್ಲಿ, ಸುಳ್ಯ ತಾಲೂಕಿನಲ್ಲಿ, ರಸ್ತೆ ಬದಿ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೇವೆ. ಅದನ್ನು ಇಷ್ಟು ಬೇಗ ಮರೆಯಬಾರದಿತ್ತು.

ಎರಡನೇ ಮಾತು ಕ್ಲಾಸಿನದ್ದು. ವಿಡಿಯೊಕ್ಕೆ ಬರಗಾಲ ಇಲ್ಲ. ಎನ್‌ಪಿಟೆಲ್ 2003ರಿಂದಲೇ ಉಂಟು. ಆದರೆ ರಾತ್ರಿ ಥೆವೆನಿನ್ ಥಿಯರಂ ನೋಡಿಕೊಂಡು ಬಂದರೆ, ಬೆಳಿಗ್ಗೆ ಅದನ್ನೇ ಪಿಪಿಟಿಯಲ್ಲಿ ಮತ್ತೆ ಓದುತ್ತಾರೆ. ಹಾಗಾದರೆ ನೋಡಿ ಬಂದವರು ಎಂತಕ್ಕೆ ನೋಡಬೇಕಿತ್ತು? ಆ ಹೊತ್ತಿಗೆ ಬೋರ್ಡಿನಲ್ಲಿ ಡಿಪೆಂಡೆಂಟ್ ಸೋರ್ಸ್ ಇರುವ ಒಂದು ಸರ್ಕ್ಯೂಟ್ ಬರೆದು, ನಾಲ್ಕು ನಾಲ್ಕು ಜನರಿಗೆ ಬಿಡಿಸಲು ಕೊಡಲಿ. ರೆಸಿಸ್ಟೆನ್ಸ್ ಕಂಡುಹಿಡಿಯುವಾಗ ನಮ್ಮಲ್ಲಿ ಅರ್ಧದಷ್ಟು ಜನ ಆ ಸೋರ್ಸನ್ನೂ ಸೊನ್ನೆ ಮಾಡಿಬಿಡುತ್ತೇವೆ. ಆ ತಪ್ಪು ಸಿಕ್ಕಿಬೀಳುವುದು ಪಕ್ಕದಲ್ಲಿ ಸಾರ್ ನಿಂತು ನೋಡುವಾಗ ಮಾತ್ರ, ವಿಡಿಯೊದಲ್ಲಿ ಅಲ್ಲ.

ನಮ್ಮ ತಪ್ಪೂ ಉಂಟು. ನೆಟ್ ಇದ್ದವರೂ ನೋಡುವುದಿಲ್ಲ. ನೋಡಿದರೂ ಡಬಲ್ ಸ್ಪೀಡಿನಲ್ಲಿ. "ಡೌಟ್ ಉಂಟಾ?" ಅಂದರೆ ಇಡೀ ಕ್ಲಾಸು ತಲೆ ತಗ್ಗಿಸುತ್ತದೆ. ಹೀಗಿರುವಾಗ ಸಾರ್ ಮತ್ತೆ ಪಾಠಕ್ಕೇ ಇಳಿದರೆ ಅವರನ್ನು ದೂರುವುದು ಹೇಗೆ?

ನಾವು ಕೇಳುವುದು ಇಷ್ಟೇ. ವಿಡಿಯೊ 10-15 ನಿಮಿಷ ಮೀರದಿರಲಿ. ಎರಡು ದಿನ ಮೊದಲೇ ಕೊಡಿ, ಕಾಲೇಜಿನ ವೈಫೈಯಲ್ಲೇ ಇಳಿಸಿಕೊಂಡು ಬಸ್ಸಿನಲ್ಲಿ ನೋಡುತ್ತೇವೆ. ಜೊತೆಗೆ ಒಂದು ಪುಟದ ಝೆರಾಕ್ಸ್ ಇರಲಿ. ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ: ಪ್ರತಿಯೊಬ್ಬರೂ ಒಂದಾದರೂ ಪ್ರಶ್ನೆ ಬರೆದುಕೊಂಡು ಬರುತ್ತೇವೆ, ಕನ್ನಡದಲ್ಲಾದರೂ ಸರಿ. ಬರುವ ಸೆಮಿಸ್ಟರಿನಲ್ಲಿ ಒಂದು ಸಬ್ಜೆಕ್ಟಿನ ಒಂದೇ ಮಾಡ್ಯೂಲ್ ಹೀಗೆ ಮಾಡಿ ನೋಡುವ. ಇಂಟರ್ನಲ್ಸ್ ಮುಗಿದ ಮೇಲೆ ಕೂತು ಮಾತಾಡುವ.