ಮಗುವಿಗೊಂದು ಕೌದಿ ಕೋಟು

ಮಾರ್ಗಶಿರ ಬಂತೆಂದರೆ ಬಯಲುಸೀಮೆಯಲ್ಲಿ ಬೆಳಗಿನ ಚಳಿ ಜೋರಾಗುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಆಗ ಮನೆಯ ಹಿರಿಯರು ಅಂಗಡಿಗೆ ಹೋಗಿ, ‘ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಸೈಜು ದೊಡ್ಡ ಕೋಟು ತರುತ್ತಾರೆ. ತೋಳು ಬೆರಳುಗಳನ್ನೂ ಮುಚ್ಚಿ ಜೋಲಾಡುತ್ತದೆ. ಮಗು ಎಡವಿದರೆ ನೆಲಕ್ಕೆ ಕೈಯೂರಲೂ ಆಗದು. ದುಡ್ಡಿನ ಲೆಕ್ಕ ಸರಿಹೋಯಿತು, ಮಗುವಿನ ಲೆಕ್ಕ ತಪ್ಪಿತು.

ಕೋಟು ಮಗುವನ್ನು ಬೆಚ್ಚಗಿಡಬೇಕು, ಓಡಾಡಲೂ ಬಿಡಬೇಕು. ಇವೆರಡನ್ನೂ ಮನೆಯಲ್ಲೇ ಹೊಲಿದು ಸಾಧಿಸಬಹುದು.

ಮಕ್ಕಳೇ, ಬಟ್ಟೆಗೆ ಸ್ವಂತ ಶಾಖ ಇರುವುದಿಲ್ಲ. ಶಾಖ ನಿಮ್ಮ ಮೈಯದೇ. ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ ಅದನ್ನು ಬೇಗ ಹೊರಹೋಗದಂತೆ ತಡೆಯುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಉತ್ತರ ಕರ್ನಾಟಕದ ಅಜ್ಜಿಯರ ಕೈಕೆಲಸದಲ್ಲಿರುವುದೂ ಇದೇ ವಿದ್ಯೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲಿಯುವ ಕೌದಿಗಳು ಈಗ ದೂರದೂರಿನವರ ಕಣ್ಣಿಗೂ ಬಿದ್ದಿವೆ.

ಈ ವರ್ಷ ನಾಲ್ಕು ತುಂಬಿದ ಮೊಮ್ಮಗಳಿಗೆ ಅದೇ ರೀತಿಯಲ್ಲಿ ಕೋಟು ಹೊಲಿಯಲು ಕುಳಿತೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಹತ್ತಿ ಸೀರೆಗಳು ಟ್ರಂಕಿನಲ್ಲೇ ಇದ್ದವು. ಒಂದನ್ನು ಹಾಸಿ ಕತ್ತರಿ ಹಿಡಿದಾಗ ಮೊಮ್ಮಗಳು, “ಅಜ್ಜಿ ಸೀರೆ ಹರೀತೀಯಾ ಅಜ್ಜ?” ಎಂದಳು. “ಹರಿಯೋದಲ್ಲ ಪುಟ್ಟಿ, ನಿನಗೆ ಹೊದಿಸೋದು” ಎಂದೆ. ಸ್ವಲ್ಪ ಹೊತ್ತು ಕತ್ತರಿ ಮುಂದೆ ಹೋಗಲಿಲ್ಲ, ಆಮೇಲೆ ಹೋಯಿತು. ಟ್ರಂಕಿನಲ್ಲಿ ನುಸಿ ತಿನ್ನುವುದಕ್ಕಿಂತ ಇದು ಮೇಲು.

ಈಗ ಕ್ರಮ ಹೇಳುತ್ತೇನೆ. ಎಲ್ಲ ಬಟ್ಟೆಯನ್ನೂ ಮೊದಲೇ ನೀರಿಗೆ ಹಾಕಿ ಒಣಗಿಸಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಹೊರಪದರಕ್ಕೆ ಗಾಳಿ ನುಗ್ಗದಂಥ ಒತ್ತಾದ ನೇಯ್ಗೆಯ ದಪ್ಪ ಹತ್ತಿಬಟ್ಟೆ, ನಡುವೆ ಹಳೆಯ ಸೀರೆಯ ಎರಡು ಪದರ, ಒಳಗೆ ಮೆತ್ತನೆಯ ಫ್ಲಾನೆಲ್ ಇರಲಿ. ನಾಲ್ಕನ್ನೂ ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಎರಡು ಬೆರಳ ಅಂತರಕ್ಕೆ ಒಂದು ಸಾಲಿನಂತೆ ಕೈಹೊಲಿಗೆ ಹಾಕಿ. ದಾರ ಬಿಗಿಯಾಗಿ ಎಳೆಯಬೇಡಿ, ಎಳೆದರೆ ಒಳಗಿನ ಗಾಳಿಯೇ ಹೋಯಿತು. ಸಾಲು ಹೊಲಿದಂತೆ ಬಟ್ಟೆ ಕೊಂಚ ಒಳಕ್ಕೆ ಸರಿಯುತ್ತದೆ. ಆದ್ದರಿಂದ ಹೊಲಿದು ಮುಗಿದ ಮೇಲೆಯೇ ಕಾಗದದ ಅಚ್ಚಿಟ್ಟು ಕತ್ತರಿಸಬೇಕು.

ಮಗುವಿನ ಎದೆ 22 ಇಂಚು ಇದ್ದರೆ ಕೋಟಿನ ಸುತ್ತಳತೆ 28 ಇಂಚು ಬರಲಿ. ಅಂಗಿ, ಸ್ವೆಟರ್ ಒಳಗೆ ಹಿಡಿಯಬೇಕಲ್ಲ. ಉದ್ದ ತೊಡೆಯ ನಡುವಿನವರೆಗೆ ಸಾಕು, ಮೊಣಕಾಲಿಗೆ ತಾಗಿದರೆ ಓಟಕ್ಕೆ ಅಡ್ಡಿ. ಕಂಕುಳನ್ನು ಸ್ವಲ್ಪ ಸಡಿಲ ಬಿಡಿ. ಎರಡು ಭಾಗ ಜೋಡಿಸುವ ಅಂಚಿನಲ್ಲಿ ನಡುವಿನ ಸೀರೆಪದರವನ್ನು ಅರ್ಧ ಇಂಚು ಕತ್ತರಿಸಿ ತೆಗೆದರೆ ಹೊಲಿಗೆ ಗಂಟುಕಟ್ಟಿದಂತೆ ದಪ್ಪವಾಗದು.

ಬೆಳೆಯುವ ಮಗುವಿನ ಚಿಂತೆ ಬೇಡವೇ? ಬೇಕು. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 6 ಸೆಂ.ಮೀ. ಎತ್ತರವಾಗುತ್ತಾರೆ. ತೋಳಿನ ತುದಿಯಲ್ಲಿ ಮತ್ತು ಕೆಳ ಅಂಚಿನಲ್ಲಿ ಎರಡೆರಡು ಇಂಚು ಒಳಕ್ಕೆ ಮಡಿಸಿ ಹೊಲಿಯಿರಿ. ಮುಂದಿನ ಚಳಿಗೆ ಬಿಚ್ಚಿದರಾಯಿತು. ಇಡುಗಂಟಿನಂತೆ ಅದು ಒಳಗಿರಲಿ, ಮಗುವಿನ ಕೈಮೇಲೆ ಜೋಲಾಡುವುದು ಬೇಡ.

ಕೊರಳಿಗೂ ಟೋಪಿಗೂ ಎಳೆದು ಕಟ್ಟುವ ದಾರ ಖಂಡಿತ ಬೇಡ. ಜಾರುಬಂಡೆಯಲ್ಲಿ, ವಾಹನದ ಬಾಗಿಲಲ್ಲಿ ಇಂಥ ದಾರ ಸಿಕ್ಕಿಕೊಂಡು ಮಕ್ಕಳು ಜೀವ ಕಳೆದುಕೊಂಡದ್ದರಿಂದ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲೇ ಮಕ್ಕಳ ಕೋಟುಗಳಿಗೆ ಅದನ್ನು ಹಾಕದಂತೆ ಸೂಚಿಸಿತು. ದಾರದ ಬದಲು ಕೊರಳ ಬಳಿ ಒಂದು ಗುಂಡಿ ಸಾಕು. ಮೂರು ವರ್ಷದೊಳಗಿನ ಮಗು ಗುಂಡಿ ಕಿತ್ತು ಬಾಯಿಗೆ ಹಾಕೀತು. ಅಂಥ ಮಗುವಿಗೆ ಬಟ್ಟೆಯ ಪಟ್ಟಿಯಲ್ಲೇ ಅಂಟಿಕೊಳ್ಳುವ ವೆಲ್ಕ್ರೋ ವಾಸಿ. ಇನ್ನೊಂದು ಮಾತು: ಎಷ್ಟೇ ಚಳಿಯಿದ್ದರೂ ಕೋಟು ಹಾಕಿದ ಮಗುವನ್ನು ಬೆಂಕಿ ಕಾಯಿಸುವಲ್ಲಿಗೆ ಹತ್ತಿರ ಬಿಡಬೇಡಿ. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ.

ಕೋಟು ಮುಗಿದ ಮೇಲೆ ಮಗುವಿಗೆ ತೊಡಿಸಿ ಮೂರು ಪರೀಕ್ಷೆ ಮಾಡಿ. ಎರಡೂ ಕೈ ತಲೆಯ ಮೇಲೆ ಎತ್ತಲಿ, ಕುಕ್ಕರಗಾಲಿನಲ್ಲಿ ಕೂರಲಿ, ತಾನೇ ಗುಂಡಿ ಹಾಕಿಕೊಳ್ಳಲಿ. ಮೂರರಲ್ಲಿ ಯಾವುದು ಆಗದಿದ್ದರೂ ಅಲ್ಲಿ ಬಿಚ್ಚಿ ಸರಿಪಡಿಸಿ.

ದೊಡ್ಡ ಮಕ್ಕಳೇ, ಕಡೆಯ ಕೆಲಸ ನಿಮ್ಮದು. ಸೂಜಿಗೆ ಜೋಡಿದಾರ ಪೋಣಿಸಿ, ತಂಗಿಯ ಕೋಟಿನ ಗುಂಡಿಗಳನ್ನು ನೀವೇ ಹಚ್ಚಿ. ಹಚ್ಚಿದ ಮೇಲೆ ಪ್ರತಿಯೊಂದನ್ನೂ ಜಗ್ಗಿ ನೋಡಿ. ಅಲುಗಾಡಿದರೆ ಮತ್ತೊಮ್ಮೆ ಹೊಲಿಯಿರಿ.